ಹತ್ತೂವರೆಯ ಒಗಟು, ಹೊಸ್ತಿಲ ಚುಕ್ಕಿ

ಡಿಸೆಂಬರ್ ಬಂತೆಂದರೆ ಪ್ರೋಗ್ರಾಮರುಗಳಲ್ಲಿ ಒಂದು ಪಂಗಡಕ್ಕೆ ವ್ರತ ಹಿಡಿಯುತ್ತದೆ. ಅಮೆರಿಕದ ಎರಿಕ್ ವಾಸ್ಟಲ್ 2015ರಲ್ಲಿ ಶುರುಮಾಡಿದ ‘ಅಡ್ವೆಂಟ್ ಆಫ್ ಕೋಡ್’ ಎಂಬ ಈ ವ್ರತದ ವಿಧಿ ಸರಳ. ದಿನಕ್ಕೊಂದು ಒಗಟು, ಒಗಟಿಗೆ ಎರಡು ಭಾಗ, ಭಾಗಕ್ಕೊಂದು ನಕ್ಷತ್ರ. ಮೊದಲ ಭಾಗ ಬಿಡಿಸುವವರೆಗೆ ಎರಡನೆಯದು ಮುಖ ತೋರಿಸುವುದಿಲ್ಲ. ಒಗಟು ಹೊರಬೀಳುವುದು ಅಮೆರಿಕದ ಪೂರ್ವ ತೀರದ ನಡುರಾತ್ರಿಗೆ, ಅಂದರೆ ನಮ್ಮ ಬೆಳಗಿನ ಹತ್ತೂವರೆಗೆ. ಅಲ್ಲಿಯವರು ನಿದ್ದೆಗೆಟ್ಟು ಕೂರಬೇಕು. ನಮ್ಮವರಿಗೆ ಇಡ್ಲಿ, ಕಾಫಿ ಎಲ್ಲ ಆಗಿರುತ್ತದೆ. ಸಂಬಳ ಕೊಡುವವರು ಮೀಟಿಂಗಿಗೆ ಕರೆದಿರುತ್ತಾರೆ ಎಂಬುದೊಂದೇ ಅಡ್ಡಿ. ಈ ವ್ರತಸ್ಥರಲ್ಲೂ ಕಡು ನೇಮದ ಕೆಲವರಿದ್ದಾರೆ. ಅವರಿಗೆ ಒಗಟು ಬಿಡಿಸಿದರೆ ಸಾಲದು, ಬೇರೆ ಬೇರೆ ಭಾಷೆಗಳಲ್ಲಿ ಬಿಡಿಸಬೇಕು: ಇವತ್ತು ಪೈಥಾನ್, ನಾಳೆ ಸಿ, ನಾಡಿದ್ದು ಹ್ಯಾಸ್ಕೆಲ್. ಉತ್ತರ ಹೇಗೂ ಒಂದೇ ಸಂಖ್ಯೆ; ಅದನ್ನು ಮೂರು ಭಾಷೆಯಲ್ಲಿ ಹುಡುಕುವವರ ತಲೆ ನೆಟ್ಟಗಿದೆಯೇ ಎಂಬ ಅನುಮಾನ ಸಹಜ. ನೆಟ್ಟಗಿದೆ ಎಂದೇ ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಸಿಲಿಕಾನ್ ಕಣಿವೆಯವರೆಗೆ ಹೋಗಬೇಕಿಲ್ಲ, ತಮಿಳುನಾಡಿನ ಕಂಬಂ ಕಣಿವೆ ಸಾಕು.

ತೇನಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ 1909ರ ತನ್ನ ಸಂಪುಟಗಳಲ್ಲೇ ಅವರನ್ನು ಕಪ್ಪಿಲಿಯರು ಎಂಬ ಹೆಸರಿನಡಿ ಕನ್ನಡ ಮಾತಾಡುವ ರೈತರೆಂದು ಬರೆದಿಟ್ಟಿದ್ದಾನೆ. ಇವರಿಗೆ ಅಡುಗೆಮನೆಯಲ್ಲಿ ಕನ್ನಡ, ಶಾಲೆ ಮತ್ತು ಸಂತೆಯಲ್ಲಿ ತಮಿಳು. ಏಲಕ್ಕಿ ವ್ಯಾಪಾರವಿದ್ದು ಕುಮಳಿ ಘಟ್ಟ ಹತ್ತಿದರೆ ಮಲಯಾಳಂ. ಮಗ ಬೆಂಗಳೂರಿನ ಕಂಪನಿಯಲ್ಲಿದ್ದರೆ ಫೋನಿನಲ್ಲಿ ನಡುನಡುವೆ ಇಂಗ್ಲಿಷ್. ಇದನ್ನು ಯಾರೂ ಸಾಧನೆಯೆಂದು ಹೇಳಿಕೊಳ್ಳುವುದಿಲ್ಲ, ನಕ್ಷತ್ರವಂತೂ ಯಾರೂ ಕೊಟ್ಟಿಲ್ಲ. ಇನ್ನು ದಿನಕ್ಕೊಂದು ಒಗಟಿನ ವಿಷಯಕ್ಕೆ ಬಂದರೆ, ಡಿಸೆಂಬರ್ ಮಧ್ಯದಲ್ಲಿ ಮಾರ್ಗಳಿ ಮಾಸ ಹುಟ್ಟಿ ಪೊಂಗಲ್‌ವರೆಗೆ ಇಲ್ಲಿನ ಬೀದಿಗಳಲ್ಲಿ ನಸುಕಿಗೇ ನೀರು ಚಿಮುಕಿಸಿ ಕೋಲಂ, ಅಂದರೆ ರಂಗೋಲಿ, ಬರೆಯುತ್ತಾರೆ. ನಡುವೆ ಸಗಣಿ ಉಂಡೆಯ ಮೇಲೆ ಕುಂಬಳದ ಹೂ. ನಿನ್ನೆಯ ಕೋಲವನ್ನೇ ಇವತ್ತೂ ಬರೆದರೆ ಎದುರುಮನೆಯವರ ಕಣ್ಣು ತಪ್ಪಿಸುವಂತಿಲ್ಲ. ಯಾರು ಮುಂದೆ ಎಂದು ತೋರಿಸುವ ಲೀಡರ್‌ಬೋರ್ಡ್ ಎಂಬುದನ್ನು ಅಮೆರಿಕದವರೇ ಕಂಡುಹಿಡಿದರೆಂದು ತಿಳಿದವರು ಮಾರ್ಗಳಿಯ ಬೀದಿ ನೋಡಿಲ್ಲ.

ಸಿಕ್ಕು ಕೋಲಂ ಎಂಬುದನ್ನು ಸ್ವಲ್ಪ ಬಗ್ಗಿ ನೋಡಬೇಕು. ನಾಲ್ಕು ಸಾಲು, ಸಾಲಿಗೆ ಐದರಂತೆ ಚುಕ್ಕಿ ಇಟ್ಟು, ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆ ಎಳೆ ಹಾಯುವಂತೆ ಬಳಸುತ್ತ ಹೋದರೆ, ಎಲ್ಲ ಚುಕ್ಕಿಗಳನ್ನೂ ಸುತ್ತಿ ಒಂದೇ ಎಳೆ ಹೊರಟ ಜಾಗಕ್ಕೆ ಬಂದು ಕೂಡಿಕೊಳ್ಳುತ್ತದೆ. ಅದೇ ನಾಲ್ಕು ಸಾಲಿಗೆ ಆರಾರು ಚುಕ್ಕಿ ಇಡಿ. ಎಳೆ ಅರ್ಧಕ್ಕೇ ಕೂಡಿಕೊಂಡುಬಿಡುತ್ತದೆ. ಇನ್ನೊಂದನ್ನು ಬೇರೆಯಾಗಿ ಎಳೆಯಬೇಕು. ಆರು ಸಾಲಿಗೆ ಆರು ಇಟ್ಟರೆ ಆರು ಎಳೆ. ಸಾಲುಗಳ ಸಂಖ್ಯೆಗೂ ಸಾಲಿನ ಚುಕ್ಕಿಗಳ ಸಂಖ್ಯೆಗೂ ಮಸಾಅ ಎಷ್ಟೋ ಅಷ್ಟು ಎಳೆ. ಹೈಸ್ಕೂಲಿನಲ್ಲಿ ಲಸಾಅದ ಜೊತೆ ಸೇರಿಕೊಂಡು ನಮ್ಮನ್ನೆಲ್ಲ ಕಾಡಿದ ಅದೇ ಮಹತ್ತಮ ಸಾಮಾನ್ಯ ಅಪವರ್ತನ ಹೊಸ್ತಿಲಲ್ಲಿ ಅಕ್ಕಿಹಿಟ್ಟು ಬಳಿದುಕೊಂಡು ಕೂತಿದೆ! ವಿದ್ವಾಂಸರೂ ಇದನ್ನು ಗಮನಿಸದೆ ಬಿಟ್ಟಿಲ್ಲ. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ಕೋಲಂಗಳಿಗೆ ಕಂಪ್ಯೂಟರ್ ಶಾಸ್ತ್ರದ ವ್ಯಾಕರಣ ಕಟ್ಟಿ ಪ್ರಬಂಧ ಪ್ರಕಟಿಸಿದರು.  

ಎಷ್ಟು ಎಳೆ ಬೇಕು ಎಂಬುದನ್ನೇ ಈಗ ಡಿಸೆಂಬರಿನ ಒಗಟು ಎಂದುಕೊಳ್ಳಿ. ಸಿ ಭಾಷೆಯವನು ಚುಕ್ಕಿಗಳ ಪಟ್ಟಿ ಮಾಡಿ, ಎಳೆಯ ಜೊತೆ ತಾನೂ ಒಂದೊಂದೇ ಹೆಜ್ಜೆ ನಡೆದು, ಅಂಚಿಗೆ ಬಂದಾಗ ತಿರುಗಿ, ಮುಟ್ಟಿದ ಜಾಗವನ್ನೆಲ್ಲ ಗುರುತು ಹಾಕಿಕೊಂಡು ಎಣಿಸುತ್ತಾನೆ. ಹ್ಯಾಸ್ಕೆಲ್‌ನಲ್ಲಿ ಹಾಗೆ ಗುರುತು ಹಾಕಿ ಅಳಿಸಿ ಮಾಡುವುದು ಕಿರಿಕಿರಿ. ಆ ಕಿರಿಕಿರಿಗೇ ಮನುಷ್ಯ ‘ದೊಡ್ಡ ಆಯತದಿಂದ ಸಣ್ಣ ಚೌಕ ಕತ್ತರಿಸಿದರೆ ಉಳಿದದ್ದೂ ಅಂಥದೇ ಸಮಸ್ಯೆಯಲ್ಲವೇ’ ಎಂದು ಯೋಚಿಸತೊಡಗಿ ಯೂಕ್ಲಿಡ್‌ನ ವಿಧಾನಕ್ಕೆ ಬಂದು ಮುಟ್ಟುತ್ತಾನೆ. ಎಪಿಎಲ್ ಭಾಷೆಯಲ್ಲಿ ಮಸಾಅಕ್ಕೆ ಒಂದು ಚಿಹ್ನೆಯೇ ಇದೆ, ಒತ್ತಿದರೆ ಮುಗಿಯಿತು. ಸಿ ಹಿಟ್ಟು ಬಿಡುವ ಬೆರಳ ತುದಿಯಿಂದ ಕೋಲಂ ನೋಡುತ್ತದೆ, ಎಪಿಎಲ್ ಮಹಡಿಯ ಮೇಲಿಂದ. ಎರಡೂ ಕಡೆಯಿಂದ ನೋಡಿದವನಿಗೆ ಮಾತ್ರ ಎಳೆ ಯಾಕೆ ಅರ್ಧಕ್ಕೇ ಕೂಡಿಕೊಂಡಿತು ಎಂಬುದು ಹೊಳೆಯುತ್ತದೆ.

ಅಡ್ವೆಂಟ್ ಆಫ್ ಕೋಡ್‌ನಲ್ಲಿ ನಿಜಕ್ಕೂ ಬಂದ 2021ರ ಆರನೆಯ ದಿನದ ಒಗಟು ಇನ್ನೂ ನಿಷ್ಕರುಣಿ. ಏಳು ದಿನಕ್ಕೊಮ್ಮೆ ಮರಿ ಹಾಕುವ ಮೀನುಗಳು. ಹೊಸ ಮರಿಗೆ ಮೊದಲ ಸಲ ಮಾತ್ರ ಎರಡು ದಿನ ಹೆಚ್ಚು ಬೇಕು. 80 ದಿನಕ್ಕೆ ಎಷ್ಟು ಎಂದು ಮೊದಲ ಭಾಗ ಕೇಳಿದರೆ 256 ದಿನಕ್ಕೆ ಎಂದು ಎರಡನೆಯದು ಕೇಳುತ್ತದೆ. ಉದಾಹರಣೆಯ ಐದೇ ಮೀನು ಅಷ್ಟರಲ್ಲಿ 2,698 ಕೋಟಿ ದಾಟುತ್ತವೆ. ತೇನಿ ಬಳಿಯ ವೈಗೈ ಅಣೆಕಟ್ಟು ತುಂಬಿ ನೀರು ಹೊರಗೆ ನಿಲ್ಲಬೇಕಾದೀತು. ಪೈಥಾನ್‌ನಲ್ಲಿ ಮೀನುಗಳನ್ನೆಲ್ಲ ಒಂದೊಂದಾಗಿ ಪಟ್ಟಿಗೆ ಸೇರಿಸುತ್ತ ಹೋದವರ ಲ್ಯಾಪ್‌ಟಾಪ್ ಉಸಿರುಗಟ್ಟಿ ನಿಲ್ಲುತ್ತದೆ. ಸಿ ಭಾಷೆಯಲ್ಲಿ ಸಂಖ್ಯೆ ತುಂಬಿಡಲು ಮಾಮೂಲಿ ಅಳತೆಯ ಡಬ್ಬಿಯಾದ ಇಂಟ್ ಬಳಸಿದವರ ಲೆಕ್ಕ 214 ಕೋಟಿ ದಾಟಿದ್ದೇ ಹದ ತಪ್ಪುತ್ತದೆ, ಮೀನುಗಳ ಸಂಖ್ಯೆ ಮೈನಸ್‌ಗೂ ಇಳಿಯಬಹುದು. ಸಾಲುಸಾಲಾಗಿ ಯೋಚಿಸಲು ಕಲಿಸುವ ಎಪಿಎಲ್‌ನಂಥ ಭಾಷೆಯಿಂದ ಬಂದವನು ಮೀನು ಎಣಿಸುವುದೇ ಇಲ್ಲ. ಮರಿ ಹಾಕಲು ಇಷ್ಟು ದಿನ ಬಾಕಿ ಇರುವವು ಇಷ್ಟು ಎಂದು ಒಂಬತ್ತು ಅಂಕಿ ಬರೆದಿಟ್ಟು ತಿರುಗಿಸುತ್ತಾನೆ. ಅದನ್ನು ಕಲಿತವನು ಮರುದಿನ ಪೈಥಾನ್‌ಗೆ ವಾಪಸಾದಾಗ ಆ ಒಂಬತ್ತು ಅಂಕಿಗಳನ್ನು ಜೊತೆಗೇ ತಂದಿರುತ್ತಾನೆ.

ಹತ್ತು ಭಾಷೆ ಕೆದಕುವ ಬದಲು ಒಂದನ್ನು ಚೆನ್ನಾಗಿ ಕಲಿಯಬಾರದೇ ಎಂಬ ಆಕ್ಷೇಪಕ್ಕೆ ಅರ್ಧ ತಲೆಬಾಗುತ್ತೇನೆ. ಒಗಟು ಇಪ್ಪತ್ತೈದು ದಿನ ನಡೆಯುತ್ತಿದ್ದಾಗ ಇಪ್ಪತ್ತೈದು ಭಾಷೆ ಎನ್ನುತ್ತಿದ್ದವರದು ಬಸ್ ನಿಲ್ದಾಣದ ಪಾಂಡಿತ್ಯ. ಎಲ್ಲ ಭಾಷೆಯಲ್ಲೂ ದರ ಕೇಳಬಲ್ಲರು, ಯಾವುದರಲ್ಲೂ ಜಗಳ ಆಡಲಾರರು. ಆದರೆ ಮಲಯಾಳಂನಲ್ಲಿ ಏಲಕ್ಕಿ ಚೌಕಾಸಿ ಮಾಡಿ ಬಂದ ಕಂಬಂನ ಕಪ್ಪಿಲಿಯರು ಮನೆಯಲ್ಲಿ ಕನ್ನಡ ಮರೆತು ಕೂತದ್ದಿಲ್ಲ. ಗೊತ್ತಿರುವುದೊಂದು, ಅದಕ್ಕೆ ಆದಷ್ಟು ದೂರದ್ದು ಇನ್ನೊಂದು, ಹೀಗೆ ಎರಡು ಸಾಕೆಂದು ನನ್ನ ಅಭಿಪ್ರಾಯ. ಜಾವಾ ಬಲ್ಲವರು ಸಿ ಶಾರ್ಪ್ ಹಿಡಿದರೆ ಅದು ಪಕ್ಕದ ಓಣಿಗೆ ಹೋಗಿ ವಿದೇಶ ಪ್ರವಾಸ ಎಂದಂತೆ.

ಈಗ ಎಐ ಇದೆಯಲ್ಲ, ಅರೆಕ್ಷಣದಲ್ಲಿ ಯಾವ ಭಾಷೆಯಲ್ಲಿ ಬೇಕಾದರೂ ಬಿಡಿಸಿಕೊಡುತ್ತದೆ ಎನ್ನುವವರಿದ್ದಾರೆ. ನಿಜ, ಕೊಡುತ್ತದೆ. ಹೊಸ್ತಿಲಿಗೆ ಅಂಟಿಸುವ ಸ್ಟಿಕ್ಕರ್ ಕೋಲಂ ಕೂಡ ಅಂಗಡಿಯಲ್ಲಿ ಸಿಗುತ್ತದೆ, ತೂತಿನ ತಗಡಿನ ಅಚ್ಚೂ ಸಿಗುತ್ತದೆ. ಆದರೂ ಮಾರ್ಗಳಿಯ ನಸುಕಿನಲ್ಲಿ ಬೀದಿ ಖಾಲಿಯಾಗಿಲ್ಲ. ಉತ್ತರ ಬೇಕಿದ್ದವರು ಸ್ಟಿಕ್ಕರ್ ಕೊಳ್ಳಲಿ. ಬರೆಯುವುದೇ ಬೇಕಿದ್ದವರಿಗೆ ಅದರಿಂದ ನಷ್ಟವೇನು? ಉಪಯೋಗವೇನು ಎಂಬ ಪ್ರಶ್ನೆಗೂ ಇದೇ ಉತ್ತರ ಸಾಕು: ಮಧ್ಯಾಹ್ನದೊಳಗೆ ಕೋಲಂ ಮೇಲೆ ಬೈಕು ಹೋಗಿರುತ್ತದೆ, ಹಿಟ್ಟು ಇರುವೆಗೆ ಸಂದಿರುತ್ತದೆ, ಮರುದಿನ ಮತ್ತೆ ಚುಕ್ಕಿ ಬೀಳುತ್ತದೆ. ವಾಸ್ಟಲ್ ಕೂಡ 2025ರಲ್ಲಿ ಜಾಗತಿಕ ಲೀಡರ್‌ಬೋರ್ಡನ್ನೇ ತೆಗೆದುಹಾಕಿ, ಒಗಟುಗಳನ್ನು 12 ದಿನಕ್ಕೆ ಇಳಿಸಿದರು. ಹಾಗಾಗಿ ಆ ವ್ರತ ಈಗ ಮಾರ್ಗಳಿ ಹುಟ್ಟುವ ಮೊದಲೇ ಮುಗಿಯುತ್ತದೆ. ಮನೆಯಲ್ಲಿ ಕೋಲಂಗೆ ಕೈಜೋಡಿಸದಿರಲು ಪ್ರೋಗ್ರಾಮರುಗಳಿಗೆ ನೆಪ ಉಳಿದಿಲ್ಲ. ಶುರುಮಾಡಲು ಡಿಸೆಂಬರಿಗೆ ಕಾಯಬೇಕೆಂದೂ ಇಲ್ಲ. 2015ರಿಂದ 2025ರವರೆಗಿನ 262 ದಿನಗಳ ಒಗಟುಗಳೂ ಹಾಗೇ ಇವೆ, ಕಾಸು ಕೊಡಬೇಕಿಲ್ಲ, ಹತ್ತೂವರೆಗೇ ಕೂರಬೇಕೆಂದೂ ಇಲ್ಲ.