ಪದ ಹೇಳುವವರು ಬದಲಾಗಿದ್ದಾರೆ, ಕಲಾಭಿಮಾನಿಗಳು ಸಹಕರಿಸಬೇಕು

ಲಿಂಕಿನ್ ಪಾರ್ಕ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ 2017ರ ಜುಲೈಯಲ್ಲಿ ತೀರಿಕೊಂಡರು. ಉಳಿದವರು ಏಳು ವರ್ಷ ಬಾಗಿಲು ಹಾಕಿ ಕುಳಿತರು. 2024ರ ಸೆಪ್ಟೆಂಬರಿನಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯನ್ನು ಮುಂದೆ ನಿಲ್ಲಿಸಿಕೊಂಡು ವೇದಿಕೆ ಹತ್ತಿದರು, ನವೆಂಬರಿನಲ್ಲಿ ‘ಫ್ರಮ್ ಝೀರೋ’ ಎಂಬ ಆಲ್ಬಮ್ಮನ್ನೂ ತಂದರು. ಅಭಿಮಾನಿಗಳು ಎರಡು ಪಂಗಡವಾದರು. ಒಂದು ಪಂಗಡಕ್ಕೆ ಕಣ್ಣೀರು, ಇನ್ನೊಂದಕ್ಕೆ ಕೆಂಡದಂಥ ಕೋಪ. ಚೆಸ್ಟರ್ ಇಲ್ಲದ ಮೇಲೆ ಅದು ಎಂತಹ ಲಿಂಕಿನ್ ಪಾರ್ಕ್ ಎಂದು ಕೇಳಿದವರಲ್ಲಿ ನಮ್ಮ ಮಂಗಳೂರಿನ ಬಿಜೈ, ಬೆಂದೂರುವೆಲ್ ಕಡೆಯ ಹುಡುಗರೂ ಇದ್ದರು.

ಆ ಹುಡುಗರ ಅಜ್ಜಂದಿರಿಗೆ ಮಾತ್ರ ಅರ್ಥವಾಗದ ಸಂಗತಿ ಒಂದೇ. ಗಾಯಕರನ್ನು ಬದಲಿಸಲಿಕ್ಕೆ ಏಳು ವರ್ಷ ಎಂತಕ್ಕೆ ಮಾರಾಯ್ರೆ? ನಮ್ಮ ಯಕ್ಷಗಾನದ ಆಟದಲ್ಲಿ ಅದು ಒಂದೇ ರಾತ್ರಿಯಲ್ಲಿ ಮೂರು ಸಲ ಆಗುತ್ತದಲ್ಲ! ಪೂರ್ವರಂಗಕ್ಕೆ ಸಂಗೀತಗಾರ ಕೂರುತ್ತಾನೆ. ಕಥೆ ಸ್ವಲ್ಪ ದೂರ ಹೋಗುವಾಗ ಇನ್ನೊಬ್ಬರು ಬರುತ್ತಾರೆ. ನಡುರಾತ್ರಿ ದಾಟಿ, ಚರುಂಬುರಿ ಗಾಡಿಯ ಮುಂದಿನ ಗುಂಪು ಕರಗುವ ಹೊತ್ತಿಗೆ, ಚೌಕಿಯಲ್ಲಿ ಮುಂಡಾಸು ಸರಿಮಾಡಿಕೊಂಡ ಪ್ರಧಾನ ಭಾಗವತರು ಬಂದು ಜಾಗಟೆ ಹಿಡಿಯುತ್ತಾರೆ. ಶ್ರುತಿ ಪೆಟ್ಟಿಗೆಯ ಮನೆ ಬದಲಾಗುತ್ತದೆ, ಮದ್ದಳೆಯವರು ಒಮ್ಮೆ ತಲೆಯೆತ್ತಿ ನೋಡುತ್ತಾರೆ, ಅಷ್ಟೆ. ಶುಂಭ ಶುಂಭನಾಗಿಯೇ ಇರುತ್ತಾನೆ. ಪತ್ರಿಕಾಗೋಷ್ಠಿ ಇಲ್ಲ, ಹೇಳಿಕೆ ಇಲ್ಲ, ‘ನಮ್ಮ ಪಯಣದ ಹೊಸ ಅಧ್ಯಾಯ’ ಎಂಬ ಪೋಸ್ಟರೂ ಇಲ್ಲ. ಹಾಡುಗಾರ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಆಟ ನಿಲ್ಲಬಾರದು ಎಂದು ಲೆಕ್ಕ ಹಾಕಿಯೇ ಹಳಬರು ಈ ಹಿಮ್ಮೇಳವನ್ನು ಕಟ್ಟಿದ್ದಾರೆ.

ಬ್ಯಾಂಡಿನ ಹೆಸರು ಯಾರದ್ದು ಎಂಬ ಜಗಳವೂ ನಮಗೆ ವಿಚಿತ್ರವಾಗಿಯೇ ಕಾಣಬೇಕು. ಇಂಗ್ಲೆಂಡಿನ ಯುಬಿ40 ಎಂಬ ತಂಡದಿಂದ ಗಾಯಕ ಅಲಿ ಕ್ಯಾಂಪ್‌ಬೆಲ್ 2008ರಲ್ಲಿ ಹೊರಬಿದ್ದರು. ಮುಂದೆ ಅದೇ ಹೆಸರಿನಲ್ಲಿ ಎರಡು ತಂಡಗಳಾಗಿ, ಅಸಲಿ ಯಾವುದು ಎಂಬ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿತು. ಎರಡಕ್ಕೇ ಇಷ್ಟು ರಂಪ! ಕಟೀಲು ದೇವಿಯ ಕ್ಷೇತ್ರದಿಂದ ಒಂದೇ ಹೆಸರಿನ ಆರು ಮೇಳಗಳು ವರ್ಷಗಟ್ಟಲೆ ತಿರುಗಾಟ ಮಾಡಿದವು, ಈಗ ಏಳನೆಯದೂ ಹೊರಟಿದೆ. ಏಳು ಚೌಕಿ, ಏಳು ಹಿಮ್ಮೇಳ, ಏಳು ಮಂದಿ ಮಹಿಷಾಸುರರು. ಒಂದೇ ರಾತ್ರಿ ಏಳು ಊರುಗಳಲ್ಲಿ ದೊಂದಿ ಹಿಡಿದು ಅಬ್ಬರಿಸಿದರೂ ‘ನಾವೇ ಮೂಲ ಕಟೀಲು’ ಎಂದು ಒಬ್ಬನೂ ದಾವೆ ಹೂಡಿದ್ದಿಲ್ಲ. ಹೆಸರಿನ ಹಕ್ಕುದಾರಳು ಗರ್ಭಗುಡಿಯಲ್ಲಿ ಕೂತಿರುವಾಗ ಟ್ರೇಡ್‌ಮಾರ್ಕ್ ವಕೀಲರಿಗೆ ಎಂತ ಕೆಲಸ?

ಇಂಥ ಗಟ್ಟಿ ವ್ಯವಸ್ಥೆಯನ್ನು ಕೈಯಲ್ಲಿಟ್ಟುಕೊಂಡು ನಾವು ಮಾಡಿದ್ದೇನು? ರಾಕ್ ಬ್ಯಾಂಡಿನವರ ಕಾಯಿಲೆಯನ್ನು ಹುಡುಕಿಕೊಂಡು ಹೋಗಿ ಅಂಟಿಸಿಕೊಂಡೆವು.

ಮೊದಲೆಲ್ಲ ಜನ ಕೇಳುತ್ತಿದ್ದದ್ದು ‘ಇವತ್ತು ಯಾವ ಮೇಳ, ಪ್ರಸಂಗ ಯಾವುದು’ ಎಂದು. ಈಗ ಕೇಳುವುದು ‘ಪದಕ್ಕೆ ಯಾರು, ಎಷ್ಟು ಗಂಟೆಗೆ ಕೂರ್ತಾರೆ’ ಎಂದು. ಆ ಗಂಟೆಗೆ ಸರಿಯಾಗಿ ಬೈಕುಗಳು ಗದ್ದೆಗಿಳಿಯುತ್ತವೆ, ಐವತ್ತು ಮೊಬೈಲುಗಳು ಮೇಲೇಳುತ್ತವೆ. ಏರುಪದಕ್ಕೆ ಶಿಳ್ಳೆ, ಆಲಾಪನೆಗೆ ಚಪ್ಪಾಳೆ. ಭಾಗವತರು ಎದ್ದ ಮರುಗಳಿಗೆ ಬೈಕುಗಳೂ ಎದ್ದವು. ರಕ್ತಬೀಜ ಬರುವಾಗ ಸಭೆಯಲ್ಲಿ ಉಳಿಯುವವರು ಹರಕೆಯ ಮನೆಯವರು, ಮೈಕಿನವನು ಮತ್ತು ಕುರ್ಚಿ ಲೆಕ್ಕ ಮಾಡಬೇಕಾದ ಶಾಮಿಯಾನದವನು. ರಕ್ತಬೀಜನ ಪಾತ್ರಧಾರಿ ಮುಖಕ್ಕೆ ಬಣ್ಣ ಹಚ್ಚಲು ತಗೊಂಡಷ್ಟು ಹೊತ್ತೂ ಈ ಅಭಿಮಾನಿ ಆಟದ ಗದ್ದೆಯಲ್ಲಿ ಕೂತವನಲ್ಲ. ಆದರೆ ಮರುದಿನ ‘ನಿನ್ನೆಯ ಆಟ ಹೇಗಿತ್ತು’ ಎಂದು ತೀರ್ಪು ಕೊಡುವವನು ಅವನೇ.

ಆಟದಲ್ಲಿ ವೇಷಗಳ ಉಪದ್ರ ಬೇರೆ ಉಂಟಲ್ಲ, ನಾಲ್ಕು ಪದ ಆಗುವಷ್ಟರಲ್ಲಿ ಯಾರಾದರೊಬ್ಬರು ಅರ್ಥ ಹೇಳಲು ಶುರುಮಾಡುತ್ತಾರೆ. ಅದಕ್ಕೇ ಗಾನವೈಭವ ಹುಟ್ಟಿಕೊಂಡಿತು. ವೇಷವಿಲ್ಲ, ಕಥೆಯಿಲ್ಲ, ಅರ್ಥವಂತೂ ಇಲ್ಲವೇ ಇಲ್ಲ. ಇಬ್ಬರು ಭಾಗವತರು, ಎರಡು ಚೆಂಡೆ, ನಡುವೆ ಒಬ್ಬ ನಿರೂಪಕ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಪುರಭವನದಲ್ಲೋ ಯಾವುದಾದರೂ ಕಲ್ಯಾಣ ಮಂಟಪದಲ್ಲೋ ನಡೆಯುವ ಈ ಕಾರ್ಯಕ್ರಮ ರಾಕ್ ಕನ್ಸರ್ಟ್ ಅಲ್ಲ ಎಂದು ಹೇಳಲು ಆಧಾರ ಒಂದೇ, ಕೊನೆಯಲ್ಲಿ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ನಿರೂಪಕರು ಬಿರುದುಗಳನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಪದ್ಯದ ಹೊತ್ತು ಹೋಗಿರುತ್ತದೆ. ಸಾಮ್ರಾಟ, ಚಕ್ರವರ್ತಿ, ಗಂಧರ್ವ, ಕೋಗಿಲೆ ಎಲ್ಲ ಖರ್ಚಾಗಿವೆ. ಹೊಸದಾಗಿ ಬರುವ ಪಾಪದ ಹುಡುಗನಿಗೆ ‘ಉದಯೋನ್ಮುಖ’ ಒಂದೇ ಉಳಿದಿರುವುದು. ಅದನ್ನು ಅವನು ಐವತ್ತು ದಾಟುವವರೆಗೂ ಹೊತ್ತು ತಿರುಗಬೇಕು.

ಆ ಹುಡುಗನ ಪಾಡನ್ನೇ ನೋಡಿ. ಮೇಳದಲ್ಲಿ ಹೆಸರಾಂತ ಭಾಗವತರೊಬ್ಬರ ಜಾಗಕ್ಕೆ ಅವನು ಬಂದಿದ್ದಾನೆ. ಅವರ ಹಾಗೆಯೇ ಹೇಳಿದರೆ ‘ಕಾಪಿ’. ಬೇರೆ ರೀತಿ ಹೇಳಿದರೆ ‘ಪರಂಪರೆಗೆ ಕೊಡಲಿಯೇಟು’. ರಾಗ ಎಳೆದರೆ ‘ಇದು ಆಟವಾ, ಸಂಗೀತ ಕಚೇರಿಯಾ?’ ಎಳೆಯದಿದ್ದರೆ ‘ಶಾಸ್ತ್ರಜ್ಞಾನ ಸಾಲದು’. ಶ್ರುತಿ ಒಂದು ಮನೆ ಕೆಳಗಿಳಿಸಿದರೆ ಆಟ ಮುಗಿಯುವ ಮೊದಲೇ ವಾಟ್ಸಾಪಿನಲ್ಲಿ ಸುದ್ದಿ. ಹಾರ್ಮೋನಿಯಂ ಮುಟ್ಟಿ ಗೊತ್ತಿಲ್ಲದ ಮನುಷ್ಯನೂ ‘ಅವರದ್ದು ಕಪ್ಪು ಎರಡು, ಇವನದ್ದು ಬಿಳಿ ಎರಡು’ ಎಂದು ಡಾಕ್ಟರರು ಬಿಪಿ ಹೇಳುವ ಗಾಂಭೀರ್ಯದಲ್ಲಿ ಹೇಳುತ್ತಾನೆ. ಎಮಿಲಿ ಆರ್ಮ್‌ಸ್ಟ್ರಾಂಗ್ ಎದುರಿಸಿದ್ದು ಬಹಳ ಕಷ್ಟದ ಸಭೆಯಂತೆ. ಒಂದು ಸಲ ಬಜಪೆಯ ಗದ್ದೆಯಲ್ಲಿ ಪದ ಹೇಳಲಿ, ಆಮೇಲೆ ಮಾತಾಡುವ.

ತಮಾಷೆ ಎಂದರೆ, ಇವತ್ತು ಯಾರ ಹೆಸರು ಹೇಳಿ ಹುಡುಗನನ್ನು ಬಡಿಯುತ್ತಾರೋ ಅವರೆಲ್ಲ ಒಂದು ಕಾಲಕ್ಕೆ ಇದೇ ಮಾತು ಕೇಳಿದವರು. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಭಾಗವತಿಕೆಗೆ ಸಂಗೀತದ ಸೊಗಸು ತಂದಾಗ ಮಡಿವಂತರು ಮೂಗು ಮುರಿದಿದ್ದರು. ಅದೇ ಮಂಡೆಚ್ಚರು ಈಗ ‘ಪರಂಪರೆ’. ಬಡಗಿನ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ರಸ್ತೆ ಅಪಘಾತಕ್ಕೆ ಬಲಿಯಾದರು. ಬದುಕಿದ್ದಾಗ ‘ಹೊಸತು ಹೊಸತು ಎಂದು ಕೆಡಿಸುತ್ತಾನೆ’ ಎಂದವರು ಕಡಿಮೆಯಿರಲಿಲ್ಲ. ಹೋದ ಮೇಲೆ ಅವರ ಕ್ಯಾಸೆಟ್ಟೇ ಪ್ರಮಾಣಗ್ರಂಥವಾಯಿತು. ಸತ್ತ ಭಾಗವತರಲ್ಲಿ ಅಭಿಮಾನಿಗೆ ಸಿಗುವ ಸೌಕರ್ಯ ದೊಡ್ಡದು. ಅವರ ಗಂಟಲು ಕಟ್ಟುವುದಿಲ್ಲ, ಸಂಭಾವನೆ ಏರುವುದಿಲ್ಲ, ಎದುರು ಮೇಳಕ್ಕೆ ಹೋಗುವ ಭಯವಿಲ್ಲ.

ಈ ಗೋಜಿಗೆ ಚೆಂದದ ಉಪಾಯ ಕಂಡುಕೊಂಡವರೆಂದರೆ ಬಲಿಪರ ಮನೆಯವರು. ಅಜ್ಜ ಬಲಿಪ ನಾರಾಯಣ ಭಾಗವತರು. ಮೊಮ್ಮಗನೂ ಬಲಿಪ ನಾರಾಯಣ ಭಾಗವತರೇ! ಗಾಯಕ ಬದಲಾದದ್ದು ಕರಪತ್ರ ಅಚ್ಚು ಹಾಕುವವನಿಗೂ ಗೊತ್ತಾಗಬೇಕಾಗಿಲ್ಲ. ಆ ಕಿರಿಯ ಬಲಿಪರು ಕಟೀಲು ಮೇಳದಲ್ಲಿ ದಶಕಗಟ್ಟಲೆ ಪದ ಹೇಳಿ, ಐದು ದಿನದ ದೇವಿಮಹಾತ್ಮ್ಯೆಯನ್ನು ತಾವೇ ಬರೆದು, 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಪದ್ಯದ ಪುಸ್ತಕ ಇಲ್ಲದೆ ರಾತ್ರಿ ಬೆಳಗು ಮಾಡಬಲ್ಲವರಾಗಿದ್ದರು. ಈಗ ಎದುರಿಗೆ ಟ್ಯಾಬ್ ಇಟ್ಟುಕೊಂಡು ಪದ ಹೇಳುವುದನ್ನು ಕಂಡು ನಿಟ್ಟುಸಿರು ಬಿಡುವವರು ಆ ನಿಟ್ಟುಸಿರನ್ನು ಟೈಪ್ ಮಾಡುವುದು ಮೊಬೈಲಿನಲ್ಲೇ.

2019ರ ನವೆಂಬರಿನ ಕಥೆ ಮಂಗಳೂರಿಗೆ ಮರೆತಿಲ್ಲ. ತಿರುಗಾಟ ಹೊರಡುವ ಮೊದಲ ಸೇವೆಯಾಟದ ರಾತ್ರಿ ಕಟೀಲಿನಲ್ಲಿ ಭಾಗವತ ಪಟ್ಲ ಸತೀಶ ಶೆಟ್ಟರನ್ನು ರಂಗಸ್ಥಳದಿಂದ ಕೆಳಗಿಳಿಸಲಾಯಿತು. ಸರಿ ಯಾರದ್ದು, ತಪ್ಪು ಯಾರದ್ದು ಎಂಬುದಕ್ಕೆ ನಾನು ಕೈ ಹಾಕುವುದಿಲ್ಲ, ನನಗೆ ಈ ಊರಿನಲ್ಲಿ ಇನ್ನೂ ಮದುವೆ ಮುಂಜಿಗಳಿಗೆ ಹೋಗಲಿಕ್ಕುಂಟು. ನೋಡಬೇಕಾದದ್ದು ನಮ್ಮ ಅಭಿಮಾನಿಯನ್ನು. ‘ಇನ್ನು ಆ ಮೇಳದ ಕಡೆ ತಲೆ ಹಾಕಿ ಮಲಗುದಿಲ್ಲ’ ಎಂದು ಪ್ರತಿಜ್ಞೆ ಮಾಡಿದವನು ಒಬ್ಬ. ‘ಮೇಳಕ್ಕಿಂತ ದೊಡ್ಡವರು ಯಾರೂ ಇಲ್ಲ’ ಎಂದು ಎದೆ ತಟ್ಟಿದವನು ಇನ್ನೊಬ್ಬ. ಮರುವರ್ಷ, 2020ರಲ್ಲಿ, ಹಳೆಯಂಗಡಿ ಹತ್ತಿರದ ಪಾವಂಜೆಯಿಂದ ಪಟ್ಲರ ಮುಂದಾಳುತನದಲ್ಲಿ ಹೊಸ ಮೇಳವೇ ಹೊರಟಿತು. ಆ ಕಡೆ ಕಟೀಲಿನ ಹರಕೆಯ ಆಟಗಳೂ ನಿಲ್ಲಲಿಲ್ಲ. ಒಂದು ಕಡೆ ಆಗುತ್ತಿದ್ದ ಆಟ ಈಗ ಎರಡು ಕಡೆ ಆಗುತ್ತಿದೆ, ಲಾಭ ಯಕ್ಷಗಾನಕ್ಕೇ. ನಷ್ಟವಾದದ್ದು ಪ್ರತಿಜ್ಞೆ ಮಾಡಿದವನಿಗೆ ಮಾತ್ರ. ಅವನ ಅತ್ತೆಮನೆಯಲ್ಲಿ ಕಟೀಲು ಮೇಳದ ಆಟ ಬಿತ್ತು. ಚೌಕಿ ಪೂಜೆಗೆ ಎಲ್ಲರಿಗಿಂತ ಮೊದಲು ಕೈಮುಗಿದು ನಿಂತದ್ದು ಅವನೇ ಎಂದು ಮೇಳಕ್ಕಿಂತ ದೊಡ್ಡವರಿಲ್ಲ ಎಂದವನು ಫೋಟೊ ಹಾಕಿದ.

ಎಮಿಲಿಗೆ ಬಂದ ಇನ್ನೊಂದು ಆಕ್ಷೇಪ, ಗಂಡಸಿನ ಪದಗಳನ್ನು ಹೆಂಗಸು ಹಾಡುವುದೇ ಎಂಬುದು. ಇದರಲ್ಲಿ ನಾವು ಅಮೆರಿಕಕ್ಕಿಂತ ಎಷ್ಟೋ ಮುಂದೆ. ಕಾಸರಗೋಡಿನ ಮಧೂರಿನ ಲೀಲಾವತಿ ಬೈಪಾಡಿತ್ತಾಯರು ದಶಕಗಳ ಹಿಂದೆಯೇ ಜಾಗಟೆ ಹಿಡಿದು, ಗಂಡ ಹರಿನಾರಾಯಣ ಬೈಪಾಡಿತ್ತಾಯರ ಚೆಂಡೆ ಮದ್ದಳೆಯ ಜತೆಗೆ ಮೇಳಗಳೊಂದಿಗೆ ರಾತ್ರಿಯಿಡೀ ತಿರುಗಾಟ ಮಾಡಿದವರು. ತೆಂಕಿನ ವೃತ್ತಿಮೇಳದಲ್ಲಿ ಮೊದಲ ಭಾಗವತೆ. ಮಹಿಷಾಸುರರ ಅಬ್ಬರದ ನಡುವೆ ಒಬ್ಬ ಹೆಂಗಸು ಪದ ಹೇಳಿದರೆ ಆಕಾಶ ಬೀಳುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಇಷ್ಟು ಮುಂದಿರುವ ನಾವು ಆಮೇಲೆ ಏನು ಮಾಡಿದೆವು? ಸನ್ಮಾನ ಮಾಡಿದೆವು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಪತ್ರಿಕೆಗಳಲ್ಲಿ ‘ಮೊದಲ ಮಹಿಳಾ ಭಾಗವತೆ’ ಎಂದು ಬರೆದೆವು. ಎರಡನೆಯವರು, ಮೂರನೆಯವರು ಇವತ್ತು ಚೆನ್ನಾಗಿಯೇ ಹಾಡುತ್ತಿದ್ದಾರೆ. ಅವರನ್ನು ಬಹುಪಾಲು ಗಾನವೈಭವಕ್ಕೆ, ಹವ್ಯಾಸಿ ಸಂಘಗಳ ಆಟಕ್ಕೆ ಕರೆಯುತ್ತೇವೆ. ಮೇಳಕ್ಕಾದರೆ ‘ರಾತ್ರಿ ನಿದ್ದೆಗೆಟ್ಟರೆ ಅವರಿಗೇ ಕಷ್ಟ’ ಎಂದು ಬಹಳ ಕಾಳಜಿಯಿಂದ ಹೇಳುತ್ತೇವೆ.

ಹೊರಗಿನವರಲ್ಲಿ ಬುದ್ಧಿವಂತರು ಇಲ್ಲದೆ ಇಲ್ಲ. ಎಸಿ/ಡಿಸಿ ತಂಡದವರ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡರೆ, ಅದೇ ಜುಲೈಗೆ ಬ್ರಯನ್ ಜಾನ್ಸನ್ ದನಿಯಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು, ಕೋಟಿಗಟ್ಟಲೆ ಮಾರಾಟವಾಯಿತು. ಜೆನೆಸಿಸ್‌ನವರು ಗಾಯಕ ಪೀಟರ್ ಗೇಬ್ರಿಯಲ್ ಬಿಟ್ಟುಹೋದಾಗ ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸರನ್ನೇ ಮುಂದೆ ಬಿಟ್ಟರು, ಚೆಂಡೆಯವರೇ ಪದ ಹೇಳಿದ ಹಾಗೆ. ಜರ್ನಿ ಎಂಬ ತಂಡ ಫಿಲಿಪ್ಪೀನ್ಸಿನ ಆರ್ನೆಲ್ ಪಿನೆಡಾ ಎಂಬುವರನ್ನು 2007ರಲ್ಲಿ ಯೂಟ್ಯೂಬಿನಲ್ಲಿ ನೋಡಿ ಕರೆಸಿಕೊಂಡಿತು. ಈ ಕೊನೆಯ ವಿಧಾನ ನಮ್ಮಲ್ಲಿ ಆಗಲೇ ಜಾರಿಯಲ್ಲಿದೆ. ಮೂವತ್ತು ಸೆಕೆಂಡಿನ ರೀಲ್ಸಿನಲ್ಲಿ ಏರುಪದ ಹೇಳಿದ ಹುಡುಗನನ್ನು ‘ಮುಂದಿನ ಸ್ಟಾರ್’ ಎಂದು ಘೋಷಿಸಿಬಿಡುತ್ತಾರೆ. ಮೂವತ್ತೊಂದನೇ ಸೆಕೆಂಡಿನಲ್ಲಿ ಅವನು ತಾಳ ತಪ್ಪಿದ್ದಾನೋ ಇಲ್ಲವೋ ಯಾರೂ ನೋಡಿಲ್ಲ.

ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿದರೆ ಹೋಟೆಲುಗಳಲ್ಲಿ ನಿಜವಾದ ಆಟ ಶುರು. ಗೋಳಿಬಜೆ ಮುರಿಯುತ್ತಾ ಯಾರು ಯಾವ ಮೇಳದಿಂದ ಹೊರಗೆ, ಯಾರು ಎಲ್ಲಿಗೆ ಒಳಗೆ, ಎಷ್ಟಕ್ಕೆ ಮಾತಾಯಿತು ಎಂಬುದನ್ನು ಮೇಳದ ಯಜಮಾನರಿಗಿಂತ ಮೊದಲೇ ತೀರ್ಮಾನಿಸುತ್ತಾರೆ. ದೀಪಾವಳಿ ಕಳೆದು ಪಟ್ಟಿ ಬಂದಾಗ ಅದು ತಪ್ಪಾಗಿದ್ದರೆ ತಪ್ಪು ಪಟ್ಟಿಯದ್ದು.

ಈ ಗಲಾಟೆಯಲ್ಲಿ ಒಬ್ಬರು ಮಾತ್ರ ತುಟಿ ಬಿಚ್ಚುವುದಿಲ್ಲ, ಕಟೀಲಿಗೆ ಹೋಗಿ ಹರಕೆಯ ಆಟಕ್ಕೆ ಹೆಸರು ಬರೆಸಿದ ಯಜಮಾನರು. ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಅವರು ಬರೆಸಿದ್ದು ದೇವಿಯ ಆಟವನ್ನು. ಪದಕ್ಕೆ ಯಾರು ಎಂದು ಅವರು ಕೇಳುವುದಿಲ್ಲ, ಕೇಳಿದರೂ ಹೇಳಬಲ್ಲವರು ಯಾರೂ ಇಲ್ಲ. ಅವರ ಅಂಗಳದಲ್ಲಿ ಆ ರಾತ್ರಿ ಜಾಗಟೆ ಹಿಡಿಯಬೇಕಾದವನು ಈಗ ಎಲ್ಲೋ ಒಂದು ಶಾಲೆಯಲ್ಲಿ ಆರನೇ ಕ್ಲಾಸಿನಲ್ಲಿದ್ದಾನೆ, ಶನಿವಾರ ಮಧ್ಯಾಹ್ನ ಯಕ್ಷಗಾನ ತರಗತಿಗೆ ಹೋಗು ಎಂದರೆ ಹೊಟ್ಟೆನೋವು ಎನ್ನುತ್ತಾನೆ. ಅವನು ಹಿಂದಿನವರ ಹಾಗೆ ಇಲ್ಲ ಎಂದು ಬರೆಯಲು ಅಭಿಮಾನಿ ಬಳಗದವರು ಈಗಲೇ ವಾಟ್ಸಾಪ್ ಗುಂಪು ಮಾಡಿದ್ದಾರೆ, ಅಡ್ಮಿನ್ ಯಾರೆಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ.