ಮನೆಗೆ ಬುದ್ಧಿ ಬಂತು ಮಾರಾಯ್ರೆ

ನಮ್ಮ ಬೆಳ್ತಂಗಡಿ ಕಡೆ ವಯಸ್ಸಾದವರ ಮನೆಗಳಿಗೆ ಈಗೀಗ ಬುದ್ಧಿ ಬರುತ್ತಿದೆ. ಮನೆಯವರಿಗಲ್ಲ, ಮನೆಗೆ. ಎಂಬತ್ತು ದಾಟಿದ ದೊಡ್ಡಪ್ಪ, ಎರಡೆಕರೆ ಅಡಿಕೆ ತೋಟ, ಒಂದು ಬೆಕ್ಕು ಇಲ್ಲಿ, ಮಗ ಬೆಂಗಳೂರಿನಲ್ಲಿ. ಕಳೆದ ದೀಪಾವಳಿಗೆ ಬಂದವ ಪೆಟ್ಟಿಗೆ ತುಂಬ ಸ್ಮಾರ್ಟ್ ಸಾಮಾನು ತಂದ.

ಮೊದಲು ಚಾವಡಿಗೆ ಒಂದು ಮಾತಾಡುವ ಡಬ್ಬಿ. ಹೇಳಿದರೆ ಸಾಕು, ಲೈಟು ಉರಿಯುತ್ತದೆ, ಮಾತ್ರೆಯ ಹೊತ್ತು ನೆನಪಿಸುತ್ತದೆ. ಆದರೆ ದೊಡ್ಡಪ್ಪನ ಬಾಯಲ್ಲಿ ಬರುವುದು ತುಳು. "ಲೈಟ್ ಪಾಡ್" ಅಂದರೆ ಅದು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತದೆ. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತೆಂದು ನಾವೆಲ್ಲ ಎದೆಯುಬ್ಬಿಸಿದ್ದೆವು. ಆ ಸುದ್ದಿ ಡಬ್ಬಿಯವರೆಗೆ ಮುಟ್ಟಿಲ್ಲ. ದೊಡ್ಡಪ್ಪ ನಾಲ್ಕು ಬೈದು, ಎದ್ದು ಹೋಗಿ ಸ್ವಿಚ್ಚು ಒತ್ತುತ್ತಾರೆ. ಹಾಗೆಂದು ಡಬ್ಬಿಯನ್ನು ತೆಗೆಯಲಿಕ್ಕೆ ಬಿಡುವುದಿಲ್ಲ. ದೊಡ್ಡಮ್ಮ ತೀರಿದ ಮೇಲೆ ಬೈಯಲಿಕ್ಕೆ ಆ ಮನೆಯಲ್ಲಿ ಯಾರಿದ್ದರು?

ಮತ್ತೊಂದು, ಬಿದ್ದರೆ ಮಗನಿಗೆ ಸುದ್ದಿ ಮುಟ್ಟಿಸುವ ಕೈಗಡಿಯಾರ. ಕೈ ರಭಸದಿಂದ ಕೆಳಗಿಳಿದು ಧಡಕ್ಕನೆ ನಿಂತರೆ ಆಸಾಮಿ ಬಿದ್ದ ಎಂದು ಅದರ ಲೆಕ್ಕ. ಕಟ್ಟಿಗೆ ಒಡೆಯುವವನ ಕೈ ಬೇರೇನು ಮಾಡುತ್ತದೆ ಹೇಳಿ! ಒಂದೇ ಬೆಳಿಗ್ಗೆ ದೊಡ್ಡಪ್ಪ ಮೂರು ಸಲ "ಬಿದ್ದರು". ಮಗ ಮೀಟಿಂಗಿನಿಂದೆದ್ದು ಆಚೆಮನೆಯ ಪೊರ್ಬುಗಳಿಗೆ ಫೋನು ಮಾಡಿದ. ಅವರು ಬೈಕಿನಲ್ಲಿ ಧಾವಿಸಿ ಬಂದು ನೋಡಿದರೆ, ದೊಡ್ಡಪ್ಪ ಕೊಡಲಿ ಕೊಟ್ಟು, "ಬಂದದ್ದು ಒಳ್ಳೆದಾಯ್ತು, ಇದೊಂದು ಗಂಟು ಒಡೆದುಕೊಡಿ" ಅಂದರಂತೆ.

ನಗಾಡಿದ್ದು ಸಾಕು. ಬಚ್ಚಲಲ್ಲಿ ಜಾರಿ ಬಿದ್ದು ಅರ್ಧ ದಿನ ಯಾರಿಗೂ ಗೊತ್ತಾಗದೆ ಉಳಿದವರನ್ನು ನಾನು ಬಂಟ್ವಾಳದಲ್ಲೇ ಕಂಡಿದ್ದೇನೆ; ಗಡಿಯಾರ ಇರಲಿ. ಆದರೆ ಇವಕ್ಕೆಲ್ಲ ಇಂಟರ್ನೆಟ್ ಬೇಕು; ಗುಡುಗು ಕೇಳಿದ ಕೂಡಲೇ ಮೋಡೆಮಿನ ಪ್ಲಗ್ಗು ಎಳೆಯುವುದು ನಮ್ಮೂರಿನ ಕುಲಧರ್ಮ. ಮಳೆಗಾಲದ ರಾತ್ರಿ ಎಂಥ ಬುದ್ಧಿವಂತ ಮನೆಯೂ ದಡ್ಡನೇ.

ಮೂಡುಬಿದಿರೆಯ ಅತ್ತೆಯದು ಇನ್ನೊಂದು ಕತೆ. ಅವರಿಗೆ ಮೊಮ್ಮಗಳು ವಿಆರ್ ಕನ್ನಡಕ ತೊಡಿಸಿದಳು. ಎರಡು ಕಣ್ಣಿಗೆ ತುಸು ಬೇರೆ ಬೇರೆ ಚಿತ್ರ. ತಲೆ ತಿರುಗಿಸಿದತ್ತ ಲೋಕವೂ ತಿರುಗುತ್ತದೆ. ಸಾವಿರ ಕಂಬದ ಬಸದಿಗೆ ನಡೆಯಲಿಕ್ಕೂ ಮಂಡಿ ಒಪ್ಪದ ಅತ್ತೆ, ಮೊಮ್ಮಗಳು 360 ಡಿಗ್ರಿ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಹಿಡಿದು ಗಡಾಯಿಕಲ್ಲನ್ನೇ ಹತ್ತಿಬಿಟ್ಟರು. ಟಿಪ್ಪು 1794ರಲ್ಲಿ ಕಟ್ಟಿಸಿದ ಕೋಟೆಗೆ, ಚಾ ಆರುವುದರೊಳಗೆ! ಅರ್ಧದಲ್ಲಿ ತಲೆ ಗಿರ್ರೆಂದಿತು. ಕಣ್ಣು "ಹತ್ತುತ್ತಿದ್ದೇನೆ" ಅನ್ನುತ್ತದೆ, ಕಿವಿಯೊಳಗಿನ ತಕ್ಕಡಿ "ಕುರ್ಚಿಯಲ್ಲೇ ಇದ್ದೀಯಲ್ಲ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಚಾರ್ಮಾಡಿ ಘಾಟಿಯ ಬಸ್ಸಿನ ಮದ್ದೇ ಇದಕ್ಕೂ: ಲಿಂಬೆಹಣ್ಣು ಮೂಸುವುದು.

ಸುಧಾರಿಸಿಕೊಂಡ ಮೇಲೆ ವೇಣೂರಿನ ಬಾಹುಬಲಿ ತೋರಿಸಿದಳು. 1604ರಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕ 2024ರಲ್ಲಾದಾಗ ಅತ್ತೆಗೆ ಹೋಗಲಾಗಿರಲಿಲ್ಲ. ಕನ್ನಡಕದೊಳಗೆ ಪಾದದಿಂದ ಮೇಲೆ ಮೇಲೆ ನೋಡುತ್ತಾ ಹೋದವರು, ಕೈ ಮುಗಿಯುವ ಮೊದಲು ಕುರ್ಚಿಯಡಿ ತಡಕಾಡಿ ಹವಾಯಿ ಚಪ್ಪಲಿ ಕಳಚಿದರು.

ಇದನ್ನು ಕೇಳಿ ಬೆಂಗಳೂರಿನ ಮಗನೂ ಅಪ್ಪನಿಗೊಂದು ಕನ್ನಡಕ ಕಳಿಸುತ್ತೇನೆಂದು ಫೋನು ಮಾಡಿದ. ದೊಡ್ಡಪ್ಪ ಅಂದರು: "ನನಗೆಂತಕ್ಕೆ? ಅಂಗಳ ಕಾಣಲಿಕ್ಕೆ ಬಾಗಿಲು ತೆಗೆದರಾಯ್ತು. ನೀನೇ ಹಾಕಿಕೋ. ಅಲ್ಲಿಂದಲೇ ನಾಲ್ಕು ಅಡಿಕೆ ಹೆಕ್ಕಲಿಕ್ಕೆ ಆಗ್ತದಾ ನೋಡು."