ಬಾನೆಟ್ ಎತ್ತಿದವನಿಗೆ ಬಂಧುಗಳು ಬಹಳ

ಮನೆಯ ಮುಂದೆ ಹಳೆಯ ಫಿಯಟ್ ಕಾರೊಂದರ ಬಾನೆಟ್ ಎತ್ತಿ ಸುಮ್ಮನೆ ನಿಂತುಕೊಳ್ಳಿ. ಏನನ್ನೂ ಬಿಚ್ಚಬೇಡಿ, ಮುಟ್ಟಲೂ ಬೇಡಿ. ಸ್ವಲ್ಪ ಹೊತ್ತಿನಲ್ಲೇ ಮೂವರು ಗಂಡಸರು ನಿಮ್ಮ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಒಬ್ಬರು “ಪಾಯಿಂಟು ಹೋಗಿದೆ” ಅನ್ನುತ್ತಾರೆ. ಇನ್ನೊಬ್ಬರು “ಛೆ ಛೆ, ಕಂಡೆನ್ಸರ್ರು” ಅನ್ನುತ್ತಾರೆ. ಮೂರನೆಯವರು ಮಾತಾಡದೆ ನಿಟ್ಟುಸಿರು ಬಿಡುತ್ತಾರೆ. ಅವರ ಮನೆಯಲ್ಲೂ ಒಂದು ಕಾಲಕ್ಕೆ ಫಿಯಟ್ ಇತ್ತು. ಈಗಿನ ಕಾರಿನ ಬಾನೆಟ್ ಎತ್ತಿದರೆ ಒಬ್ಬರೂ ಬರುವುದಿಲ್ಲ. ಒಳಗೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳಕ್ಕೆ ಯಾರು ತಾನೇ ಸಲಹೆ ಕೊಟ್ಟಾರು?

ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿರುವುದು ಮಾವನವರ 1981ರ ಪ್ರೀಮಿಯರ್ ಪದ್ಮಿನಿ. ದುಡ್ಡು ಕಟ್ಟಿ, ಬುಕ್ ಮಾಡಿ, ವರ್ಷಗಟ್ಟಲೆ ಕಾದು ಪಡೆದ ಕಾರಂತೆ. ಅವರ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಅದು ಟಾರ್ಪಾಲಿನ ಸಮೇತ ನಮ್ಮಲ್ಲಿಗೆ ಬಂತು. ನನ್ನ ಹೆಂಡತಿಯ ನಿಲುವು ಅಂದಿನಿಂದಲೂ ಖಚಿತ: ಅಪ್ಪನ ಕಾರು ಗುಜರಿಗೆ ಹೋಗಕೂಡದು, ಪೋರ್ಟಿಕೋದಲ್ಲಿ ಜಾಗ ತಿನ್ನುತ್ತಾ ಬಿದ್ದಿರಲೂ ಕೂಡದು. ಈ ಎರಡು ಷರತ್ತುಗಳಿಗೂ ಒಗ್ಗುವ ದಾರಿ ಒಂದೇ, ಅದನ್ನು ಓಡುವ ಹಾಗೆ ಮಾಡುವುದು.

ಕಾರಿನ ಜಾತಕ ಸರಳ. ಇಟಲಿಯ ಫಿಯಟ್ 1100ರ ಈ ರೂಪವನ್ನು ಮುಂಬೈನ ಕುರ್ಲಾದಲ್ಲಿ 1964ರಿಂದ ತಯಾರಿಸಿದರು. ಮೊದಲು ಡಿಲೈಟ್, ಆಮೇಲೆ ಪ್ರೆಸಿಡೆಂಟ್, 1974ರಿಂದ ಪದ್ಮಿನಿ. ಹೆಸರು ಬದಲಾದರೂ ಕಾರು ಹೆಚ್ಚೇನೂ ಬದಲಾಗಲಿಲ್ಲ. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಒಂಬೈನೂರು ಕೆಜಿಗೆ ತುಸು ಕಡಿಮೆ ತೂಕ. ತೂಕದ ಮಾತು ಯಾಕೆ ಬಂತೆಂದು ಈಗಲೇ ಕೇಳಬೇಡಿ. ತಳ್ಳುವ ಪ್ರಸಂಗ ಮುಂದಿದೆ.

ಎದುರು ಮನೆಯಲ್ಲಿ ಇತಿಹಾಸದ ನಿವೃತ್ತ ಮೇಷ್ಟ್ರಿದ್ದಾರೆ. ನಾನು ವಾಟರ್ ಪಂಪಿಗಾಗಿ ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಬಂದ ದಿನ ಅವರು ಕಾಂಪೌಂಡಿಗೆ ಒರಗಿ ಪಾಠ ಶುರುಮಾಡಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಕಾರು ಕಾರ್ಖಾನೆಯ ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದ್ದರು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಅದೇ ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ನಮಗೆ ವಿಮಾನ, ಅವರಿಗೆ ಕಾರು. “ಬ್ರಿಟಿಷರು ಒಪ್ಪಿದ್ದಿದ್ರೆ ಈ ಗಾಡಿ ನಮ್ಮ ಬೆಂಗಳೂರಲ್ಲೇ ಆಗ್ತಿತ್ತು ಕಣ್ರೀ. ನೀವು ಹಿಂಗೆ ಅಲೀಬೇಕಾಗಿರಲಿಲ್ಲ” ಎಂದು ಮೇಷ್ಟ್ರು ಪಾಠ ಮುಗಿಸಿದರು. ನನ್ನ ವಾಟರ್ ಪಂಪ್ ಸಿಗದಿರುವುದಕ್ಕೆ ಬ್ರಿಟಿಷ್ ಸಾಮ್ರಾಜ್ಯವೇ ಹೊಣೆ ಎಂದು ತಿಳಿದು ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ಮೇಸ್ತ್ರಿ ಬರುವುದು ಭಾನುವಾರ ಮಾತ್ರ. ಅವರ ಬಳಿ ಸ್ಕ್ಯಾನರ್ ಇಲ್ಲ, ಒಂದು ಉದ್ದನೆಯ ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸುತ್ತಾರೆ. “ಟ್ಯಾಪೆಟ್ ಮಾತಾಡ್ತಾ ಇದೆ ಸಾರ್.” ಏನಂತೆ ಎಂದು ನಾನು ಕೇಳುವುದಿಲ್ಲ; ಅದು ದುಡ್ಡಿನ ವಿಷಯವೇ ಎಂದು ಗೊತ್ತು. ಎಷ್ಟಾಗಬಹುದು ಎಂಬ ಪ್ರಶ್ನೆಗೆ ಅವರದು ಒಂದೇ ಉತ್ತರ: “ಬಿಚ್ಚಿದ ಮೇಲೆ ಹೇಳ್ತೀನಿ.” ಬಿಚ್ಚಿದ ಮೇಲೆ ಹೇಳುವುದು: “ಇದನ್ನೂ ಬಿಚ್ಚಬೇಕು.” ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಸವರಿ “ರಾತ್ರಿ ನೆನೀಲಿ ಸಾರ್” ಎಂದು ಹೊರಟರೆ ಆ ರಾತ್ರಿ ಮುಂದಿನ ಭಾನುವಾರದವರೆಗೆ ನಡೆಯುತ್ತದೆ.

ಬಿಚ್ಚಿದ್ದೆಲ್ಲ ಮನೆಯೊಳಗೆ ಬಂತು. ನಟ್ಟು ಬೋಲ್ಟುಗಳು ಹಾರ್ಲಿಕ್ಸ್ ಬಾಟಲಿಗಳಲ್ಲಿ, ಹೆಡ್‌ಲೈಟುಗಳು ಶೋಕೇಸಿನಲ್ಲಿ, ಕಾರ್ಬುರೇಟರ್ ಊಟದ ಮೇಜಿನ ಮೇಲೆ. ಕಾರ್ಬುರೇಟರಿನೊಳಗೆ ಜೆಟ್ ಎಂಬ ಪುಟ್ಟ ಹಿತ್ತಾಳೆಯ ತುಣುಕಿದೆ. ಅದರ ಸಣ್ಣ ತೂತಿನಿಂದಲೇ ಎಂಜಿನ್ನಿಗೆ ಪೆಟ್ರೋಲಿನ ಪಡಿ. ತೂತು ಕಟ್ಟಿದರೆ ಗಾಳಿ ಊದಿ ತೆಗೆಯಬೇಕೇ ಹೊರತು ಪಿನ್ನು ಚುಚ್ಚಬಾರದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಕಾರು ಹೊಗೆ ಉಗುಳುತ್ತಾ ಪೆಟ್ರೋಲ್ ಕುಡಿಯುತ್ತದೆ. ಮಗನ ಸೈಕಲ್ ಪಂಪು, ನನ್ನ ಹಳೆಯ ಟೂತ್‌ಬ್ರಶ್ಶು ಈ ಸೇವೆಗೆ ನೇಮಕವಾದವು. ನನ್ನ ಹೊಸ ಟೂತ್‌ಬ್ರಶ್ಶು ಯಾವುದೆಂದು ಮೇಸ್ತ್ರಿಗೆ ತಿಳಿಸದಿದ್ದುದರಿಂದ ಅದೂ ಸೇವೆಗೆ ಸೇರಿತು. “ರೀ, ಅನ್ನಕ್ಕೂ ಪೆಟ್ರೋಲ್ ವಾಸನೆ ಬರ್ತಿದೆ” ಎಂದಳು ಹೆಂಡತಿ. ಅಪ್ಪನ ಕಾರಿನದೇ ವಾಸನೆ ಎಂದೆ. ಸುಮ್ಮನಾದಳು. ಆ ಅಸ್ತ್ರ ಒಮ್ಮೆ ಮಾತ್ರ ನಾಟುವಂಥದು.

ಟಿಂಕರಿಂಗ್‌ನವರು ಬಾಗಿಲಿನ ಬಣ್ಣ ಕೆರೆದರು. ಕೆಳಗೆ ಪುಟ್ಟಿ. ಅದನ್ನು ಕೆರೆದರೆ ಇನ್ನೂ ಹಳೆಯ ಪುಟ್ಟಿ. ಕೆಲವು ಕಡೆ ಮೈಸೂರು ಪಾಕಿನಷ್ಟು ದಪ್ಪ, ಹಾಗೇ ಪುಡಿಪುಡಿ. ಡ್ರೈವರ್ ಸೀಟಿನ ಮ್ಯಾಟ್ ಎತ್ತಿದರೆ ಕಾರಿನ ನೆಲವಿರಬೇಕಾದಲ್ಲಿ ಪೋರ್ಟಿಕೋದ ರೆಡ್ ಆಕ್ಸೈಡ್ ನೆಲ ಕಾಣಿಸಿತು. ಹೊಸ ತಗಡು ವೆಲ್ಡ್ ಮಾಡಿ ಅದಕ್ಕೂ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದರು. ತುಕ್ಕು ಅಂದರೆ ಐರನ್ ಆಕ್ಸೈಡು. ತುಕ್ಕು ಬಾರದಿರಲೆಂದು ಬಳಿಯುವ ಕೆಂಪು ಪುಡಿಯೂ ಐರನ್ ಆಕ್ಸೈಡೇ. ಉಚಿತವಾಗಿ ಬಂದದ್ದನ್ನು ಕೆರೆಸಿ, ದುಡ್ಡು ಕೊಟ್ಟು ಮತ್ತೆ ಬಳಿಸುವುದಕ್ಕೆ ರೆಸ್ಟೋರೇಶನ್ ಅನ್ನುತ್ತಾರೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಅಲ್ಲಿಯೂ ಈಗ ಫಿಯಟ್ ಅಂದರೆ ಅಂಗಡಿಯವರು ಮೊದಲು ನನ್ನನ್ನು, ಆಮೇಲೆ ಅಟ್ಟವನ್ನು ನೋಡುತ್ತಾರೆ. “ಬಾಂಬೆ ಟ್ಯಾಕ್ಸಿ ನಿಂತ ಮೇಲೆ ಮಾಲೇ ಬರ್ತಿಲ್ಲ ಸಾರ್.” ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯಸ್ಸೆಂಬ ನಿಯಮದಂತೆ 2023ರ ಅಕ್ಟೋಬರ್ ಕೊನೆಗೆ ಅವೆಲ್ಲ ರಸ್ತೆಯಿಂದ ಇಳಿದವು. ಹುಡುಕಿ ಹುಡುಕಿ ಒಂದು ವಾಟರ್ ಪಂಪು ಸಿಕ್ಕಿತು. ಇದು ನಮ್ಮ ಗಾಡಿಗೆ ಕೂರುತ್ತದೆಯೇ ಎಂದೆ. “ಕರೆಕ್ಟಾಗಿ ಕೂರುತ್ತೆ ಸಾರ್, ಸ್ವಲ್ಪ ಫೈಲ್ ಹೊಡೀಬೇಕು.” ಯಾವುದನ್ನು, ಪಂಪನ್ನೋ ಎಂಜಿನ್ನನ್ನೋ ಎಂದು ಅವರು ಹೇಳಲಿಲ್ಲ.

ಅಷ್ಟರಲ್ಲಿ ಪೆಟ್ರೋಲೇ ಬದಲಾಗಿತ್ತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರವರೆಗೆ ಎಥನಾಲ್. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ದೂಡುವ ಪಂಪಿನ ಡಯಾಫ್ರಂ ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ನಿಂತ ಟ್ಯಾಂಕಿನಲ್ಲಿ ತುಕ್ಕು. ಮಂಡ್ಯದಲ್ಲಿ ಕಬ್ಬು ಬೆಳೆಯುವ ನನ್ನ ಷಡ್ಡಕ ಮಾತ್ರ “ನಮ್ಮ ಗದ್ದೆ ರಸದಲ್ಲಿ ನಿಮ್ಮ ಕಾರು ಓಡ್ತದೆ ಬಿಡಿ” ಎಂದು ಹಿಗ್ಗುತ್ತಾನೆ. ಪೈಪು ಬದಲಿಸಿದ ಬಿಲ್ಲನ್ನು ಅವನಿಗೇ ಕಳಿಸೋಣವೆಂದಿದ್ದೆ, ಹೆಂಡತಿ ಬೇಡವೆಂದಳು.

ವಯಸ್ಸಿನ ತೊಡಕು ಬೇರೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ಗೌರವವುಂಟು, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳುಂಟು. ಆದರೆ ಹಾಗೆ ಗೌರವ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ನಮ್ಮದು 15 ವರ್ಷದ ಗಡಿಯನ್ನು ಎಂದೋ ದಾಟಿ, ಐವತ್ತನ್ನು ಇನ್ನೂ ಮುಟ್ಟದೆ ನಡುವೆ ಸಿಕ್ಕಿಕೊಂಡಿದೆ. ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ತಾನು ಬದುಕಿರುವುದನ್ನು ಸಾಬೀತು ಮಾಡಬೇಕು. ಮೇಷ್ಟ್ರೂ ಪಿಂಚಣಿಗಾಗಿ ವರ್ಷವರ್ಷ ಇದನ್ನೇ ಮಾಡುತ್ತಾರಾದ್ದರಿಂದ ಅವರಿಗೆ ಕಾರಿನ ಮೇಲೆ ವಿಶೇಷ ಮಮತೆ.

ಕೊನೆಗೂ ಕಾರು ಹೊರಟಿತು. ಚಾಮುಂಡಿ ಬೆಟ್ಟದ ಏರಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ನಿಂತಿತು. ಪಂಪಿನಲ್ಲಿ ಪೆಟ್ರೋಲ್ ಬಿಸಿಯಾಗಿ ಆವಿಯಾದರೆ ಪಂಪು ಅದನ್ನು ದೂಡಲಾರದು. ಅದೇ ವೇಪರ್ ಲಾಕ್. ಬಾನೆಟ್ ಎತ್ತಿದ್ದೇ ತಡ, ಎಲ್ಲಿದ್ದರೋ, ಬಂದರು. ಒಬ್ಬರು ತಮ್ಮ ಟವೆಲನ್ನೇ ಒದ್ದೆ ಮಾಡಿ ಪಂಪಿಗೆ ಸುತ್ತಿದರು. ಇನ್ನೊಬ್ಬರು ಕಲ್ಲಹಟ್ಟಿ ಘಾಟಿನ 36 ತಿರುವುಗಳನ್ನು ತಮ್ಮ ಫಿಯಟ್ ನಿಲ್ಲದೆ ಹತ್ತಿದ ಕಥೆ ಹೇಳಿದರು. ಒಂದು ಸಲ ಡ್ರೈವರ್ ಸೀಟಲ್ಲಿ ಕೂರಬಹುದೇ ಎಂದು ಕೇಳಿ ಕೂತ ಹಿರಿಯರೊಬ್ಬರ ಎಡಗೈ ತಾನಾಗಿ ಸ್ಟೀರಿಂಗ್ ಪಕ್ಕದ ಗೇರಿಗೆ ಹೋಯಿತು. “ಸೆಕೆಂಡಿಗೆ ಹಾಕಿದೀನಿ, ತಳ್ರೋ!” ಎಂದರು. ಎಲ್ಲರೂ ತಳ್ಳಿದರು. ಒಂಬೈನೂರು ಕೆಜಿಗೆ ಕಡಿಮೆ ಎಂದು ಹೇಳಿದ್ದೆನಲ್ಲ. ಯಾರೂ ಬಿಚ್ಚಲಾರದ, ಯಾರೂ ತಳ್ಳದ ಇಂದಿನ ಕಾರುಗಳಲ್ಲಿ ಸುಖವಿದೆ, ನಿಜ. ಆದರೆ ಕೆಟ್ಟು ನಿಂತಾಗ ಒಂದು ಟೋಲ್‌ಫ್ರೀ ನಂಬರು ಬಿಟ್ಟರೆ ಬೇರೆ ದಿಕ್ಕಿಲ್ಲ.

ನಿಮ್ಮ ಷೆಡ್ಡಿನಲ್ಲೂ ಇಂಥದೊಂದು ಇದ್ದರೆ, ಗುಜರಿಯವರು ತಕ್ಕಡಿ ತರುವ ಮುಂಚೆ ಒಬ್ಬ ಮೇಸ್ತ್ರಿಗೆ ತೋರಿಸಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ರೋಲ್ ಪೈಪುಗಳನ್ನು ಕಡ್ಡಾಯವಾಗಿ ಬದಲಿಸಿ. ಮನೆಯವರೆಲ್ಲ ಬಣ್ಣ ಯಾವುದು ಎಂದು ಜಗಳಾಡುತ್ತಿರಲಿ. ನೀವು ಮೊದಲು ನಾಲ್ಕೂ ಚಕ್ರದ ಬ್ರೇಕ್ ಮಾಡಿಸಿ. ಬಣ್ಣ ಮಾಸಿದ ಕಾರನ್ನು ಊರೆಲ್ಲ ಕ್ಷಮಿಸುತ್ತದೆ, ಬ್ರೇಕಿಲ್ಲದ ಕಾರನ್ನು ಎದುರಿನ ಲಾರಿ ಕ್ಷಮಿಸುವುದಿಲ್ಲ.